ಕಟ್ಟುವ ದಾನ, ಕಾಯುವ ಧರ್ಮ

ನಮ್ಮ ನಾಡಿನಲ್ಲಿ ಅಸ್ತಿಭಾರೋತ್ಸವಗಳಿಗೆ ಎಂದೂ ಕೊರತೆಯಿಲ್ಲ. ಶಾಲೆಯಾಗಲಿ, ವಾಚನಾಲಯವಾಗಲಿ, ಅನಾಥಾಲಯವಾಗಲಿ, ಸಂಘವೊಂದರ ಭವನವಾಗಲಿ, ಅದಕ್ಕೆ ಮೊದಲ ಕಲ್ಲನ್ನಿಡುವ ದಿನ ಊರಿಗೆ ಊರೇ ನೆರೆಯುತ್ತದೆ. ಮಾವಿನ ತೋರಣ, ಪೂರ್ಣಕುಂಭ, ಹಾರತುರಾಯಿಗಳು, ದೊಡ್ಡವರ ಭಾಷಣಗಳು, ದಾನಿಗಳ ಹೆಸರನ್ನು ಕೆತ್ತಿದ ಅಮೃತಶಿಲೆಯ ಫಲಕ, ಇವುಗಳಲ್ಲಿ ಯಾವುದಕ್ಕೂ ಲೋಪವಾಗುವುದಿಲ್ಲ. ಪ್ರಾರಂಭೋತ್ಸವವೂ ಹಾಗೆಯೇ ನಡೆಯುತ್ತದೆ. ಆದರೆ ಕಟ್ಟಡಕ್ಕೆ ಹತ್ತು ವರ್ಷ ತುಂಬಿದ ದಿನ ಅದರ ಸೂರು ಸೋರುತ್ತಿದೆಯೇ, ಗೋಡೆ ಬಿರಿದಿದೆಯೇ, ಕದದ ಕೀಲು ಸಡಿಲವಾಗಿದೆಯೇ ಎಂದು ವಿಚಾರಿಸುವುದಕ್ಕೆ ಹೋದ ಮಹನೀಯರನ್ನು ನಾವು ಈವರೆಗೆ ಕಂಡಿಲ್ಲ. ಧರ್ಮಸಂಸ್ಥೆಗಳ ಕಟ್ಟಡಗಳಿಗೂ ಅವುಗಳ ಜೀರ್ಣೋದ್ಧಾರಕ್ಕೂ ದ್ರವ್ಯಸಹಾಯ ಮಾಡುವ ಕ್ರಮವನ್ನು ಕುರಿತು ನಾವು ಈ ದಿನ ಬರೆಯುವುದಕ್ಕೆ ಇದೇ ಕಾರಣ.

ಅನ್ಯರ ತಪ್ಪನ್ನು ಎತ್ತಿ ಆಡುವುದಕ್ಕೆ ಮುಂಚೆ ನಮ್ಮ ತಪ್ಪನ್ನು ಒಪ್ಪಿಕೊಳ್ಳುವುದು ನ್ಯಾಯ. ಸುಮಾರು ಇಪ್ಪತ್ತು ವರ್ಷಗಳ ಕೆಳಗೆ ನಾವು ಒಂದು ಸಣ್ಣ ಊರಿನ ವಾಚನಾಲಯದ ಕಾರ್ಯಸಮಿತಿಯಲ್ಲಿದ್ದೆವು. ವಾಚನಾಲಯವು ಮಂಗಳೂರು ಹೆಂಚು ಹೊದಿಸಿದ ಹಳೆಯ ಮನೆಯೊಂದರಲ್ಲಿತ್ತು. ನಾಲ್ಕಾರು ತೊಲೆಗಳು ಗೆದ್ದಲು ಹಿಡಿದಿದ್ದುವು, ಒಂದು ಗೋಡೆ ಬಾಗಿತ್ತು. ಮರಾಮತ್ತು ಮಾಡಿಸಿದ್ದರೆ ಹೊಸ ಕಟ್ಟಡದ ವೆಚ್ಚದ ಐದರಲ್ಲೊಂದು ಪಾಲು ಸಾಕೆಂದು ಊರಿನ ಮೇಸ್ತ್ರಿ ಹೇಳಿದ್ದ. ಆದರೆ ನಾವು ಅರ್ಜಿ ಹಾಕಿಕೊಂಡ ಕಡೆಯಲ್ಲಿ ಹೊಸ ಕಟ್ಟಡಕ್ಕೆ ಮಾತ್ರ ಹಣವಿತ್ತು, ಹಳೆಯದರ ದುರಸ್ತಿಗೆ ಇರಲಿಲ್ಲ. ನಾವೂ ಹೊಸತನ್ನೇ ಬೇಡಿದೆವು. ಆ ಅರ್ಜಿಯನ್ನು ಬರೆದ ಕೈ ನಮ್ಮದೇ. ಹಣ ಬಂದಿತು, ಹಳೆಯ ಮನೆ ಬಿದ್ದಿತು, ಕಾಂಕ್ರೀಟು ತಾರಸಿಯ ಭವನ ಎದ್ದಿತು. ಏಳನೆಯ ಮಳೆಗಾಲದಲ್ಲಿ ತಾರಸಿ ಸೋರಿತು. ಲೆಕ್ಕದ ಪುಸ್ತಕವನ್ನು ತಿರುವಿ ನೋಡಿದರೆ ಮರಾಮತ್ತಿನ ಬಾಬಿನಲ್ಲಿ ಒಂದು ಕಾಸೂ ಇರಲಿಲ್ಲ. ಪುಸ್ತಕಗಳನ್ನು ಗೋಣಿಚೀಲಗಳಲ್ಲಿ ತುಂಬಿ ಒಬ್ಬ ಸದಸ್ಯರ ಅಟ್ಟಕ್ಕೆ ಸಾಗಿಸಿದುದಾಯಿತು, ಬಾಗಿಲಿಗೆ ಬೀಗ ಬಿದ್ದಿತು. ಗೋಡೆಯ ಮೇಲಿನ ಅಮೃತಶಿಲೆಯ ಫಲಕ ಮಾತ್ರ ಇಂದಿಗೂ ಸುಭದ್ರವಾಗಿದೆ.

ಇದರಲ್ಲಿ ಹಣ ಕೊಟ್ಟವರು ಮೋಸ ಮಾಡಲಿಲ್ಲ, ಪಡೆದವರೂ ಕದಿಯಲಿಲ್ಲ. ತಪ್ಪು ಇದ್ದುದು ಏರ್ಪಾಟಿನಲ್ಲಿ. ಕಟ್ಟುವುದಕ್ಕೆ ಕೊಟ್ಟವರು ಕಾಯುವವರು ಯಾರೆಂದು ಕೇಳಲಿಲ್ಲ, ನಾವು ಹೇಳಲೂ ಇಲ್ಲ. ಈ ಒಂದು ಪ್ರಶ್ನೆಯನ್ನು ದೊಡ್ಡ ಪ್ರಮಾಣದಲ್ಲಿ ಕೇಳಿದವರು ಲೋಕದಲ್ಲಿ ಇಲ್ಲದಿಲ್ಲ. ಅವರ ಅನುಭವವೇನಾಯಿತೆಂಬುದು ನಮಗೆ ಪ್ರಯೋಜನಕಾರಿಯಾಗಿದೆ.

ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ಊರಿನಲ್ಲಿ 1835ರಲ್ಲಿ ನೇಕಾರನೊಬ್ಬನ ಮಗನಾಗಿ ಹುಟ್ಟಿ, ಅಮೆರಿಕಕ್ಕೆ ಹೋಗಿ, ಉಕ್ಕಿನ ಉದ್ಯಮದಿಂದ ಅಪಾರ ಐಶ್ವರ್ಯವನ್ನು ಗಳಿಸಿದ ಆಂಡ್ರೂ ಕಾರ್ನೆಗಿಯವರ ಹೆಸರನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಅವರ ಹಣದಿಂದ ಎದ್ದ ಮೊದಲನೆಯ ಲೈಬ್ರರಿ 1883ರಲ್ಲಿ ಅವರ ಹುಟ್ಟೂರಿನಲ್ಲಿಯೇ ತೆರೆಯಿತು. ಅಲ್ಲಿಂದ ಮುಂದೆ 1929ರವರೆಗೆ ಲೋಕದ ನಾನಾ ಭಾಗಗಳಲ್ಲಿ 2509 ಲೈಬ್ರರಿ ಕಟ್ಟಡಗಳು ಅವರ ದ್ರವ್ಯಸಹಾಯದಿಂದ ನಿರ್ಮಾಣವಾದುವು. ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ 660, ಕೆನಡಾದಲ್ಲಿ 125, ಉಳಿದವುಗಳಲ್ಲಿ ಬಹುಪಾಲು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಇಷ್ಟು ಹಣವನ್ನು ಅವರು ಕೇಳಿದವರಿಗೆಲ್ಲ ಎರಚಿದರೆಂದು ತಿಳಿಯಬಾರದು. ಅವರ ಕಾರ್ಯದರ್ಶಿಗಳಾಗಿದ್ದ ಜೇಮ್ಸ್ ಬರ್ಟ್ರಮ್ ಎಂಬವರು ಪ್ರತಿಯೊಂದು ಅರ್ಜಿಯನ್ನೂ ಅಕ್ಷರಶಃ ಪರೀಕ್ಷಿಸುತ್ತಿದ್ದರು. ನಿವೇಶನವನ್ನು ಊರಿನವರೇ ಕೊಡಬೇಕು, ಮತ್ತು ದಾನದ ಮೊತ್ತದಲ್ಲಿ ನೂರಕ್ಕೆ ಹತ್ತರಷ್ಟನ್ನು ವರ್ಷವರ್ಷವೂ ತೆರಿಗೆಯ ಹಣದಿಂದ ಲೈಬ್ರರಿಯ ಪೋಷಣೆಗೆಂದು ತೆಗೆದಿಡುವುದಾಗಿ ಪುರಸಭೆಯವರು ನಿರ್ಣಯ ಮಾಡಿ ಬರೆದುಕೊಡಬೇಕು: ಇವೇ ಮುಖ್ಯವಾದ ಷರತ್ತುಗಳು. ವೃಥಾ ಗೋಪುರಗಳಿಗೂ ಕಂಬಗಳಿಗೂ ಹಣ ಪೋಲಾಗುವುದನ್ನು ಕಂಡು 1911ರಲ್ಲಿ ಬರ್ಟ್ರಮ್‌ರವರು ಕಟ್ಟಡದ ನಕ್ಷೆ ಹೇಗಿರಬೇಕೆಂಬುದನ್ನು ವಿವರಿಸುವ ಸಣ್ಣ ಪುಸ್ತಕವನ್ನೂ ಹಂಚಿದರು.

ಷರತ್ತು ಹೀಗೆ ಬಿಗಿಯಾಗಿದ್ದರೂ ಎಲ್ಲವೂ ಸರಿಹೋಗಲಿಲ್ಲ ಎಂಬುದೇ ಗಮನಾರ್ಹ. ಮಹಾಯುದ್ಧದ ಕಾಲದಲ್ಲಿ ಕಾರ್ನೆಗಿ ನಿಧಿಯವರು ಆಲ್ವಿನ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರನ್ನು ನೇಮಿಸಿ, ಕಟ್ಟಿದ ಲೈಬ್ರರಿಗಳ ಸ್ಥಿತಿಯನ್ನು ಊರೂರಿಗೆ ಹೋಗಿ ನೋಡಿ ಬರುವಂತೆ ಹೇಳಿದರು. ಬರೆದುಕೊಟ್ಟ ವಾರ್ಷಿಕ ಹಣವನ್ನು ಹಲವು ಊರುಗಳು ಕೊಡುತ್ತಿರಲಿಲ್ಲವೆಂದೂ, ಭವ್ಯವಾದ ಕಟ್ಟಡದಲ್ಲಿ ಪುಸ್ತಕಗಳೂ ತರಬೇತಾದ ಲೈಬ್ರೇರಿಯನ್ನರೂ ಇಲ್ಲದಿದ್ದರೆ ಪ್ರಯೋಜನವಿಲ್ಲವೆಂದೂ ಅವರಿಗೆ ಕಂಡುಬಂದಿತು. ನಿಧಿಯವರು 1917ರಲ್ಲಿ ಕಟ್ಟಡಗಳಿಗೆ ಹೊಸದಾಗಿ ಹಣ ಕೊಡುವುದನ್ನು ನಿಲ್ಲಿಸಿಬಿಟ್ಟರು. ಬರೆದುಕೊಟ್ಟ ಕಾಗದಕ್ಕಿಂತ ಊರಿನವರ ಮನಸ್ಸು ಮುಖ್ಯವೆಂಬುದು ಇದರಿಂದ ವಿದಿತವಾಗುತ್ತದೆ. ಆದರೂ ಷರತ್ತನ್ನು ಪಾಲಿಸಿದ ಊರುಗಳಲ್ಲಿ ಆ ಲೈಬ್ರರಿಗಳ ಪೈಕಿ ಹಲವು ನೂರು ವರ್ಷ ಕಳೆದು ಇಂದಿಗೂ ಬಾಗಿಲು ತೆರೆದಿವೆ. ಷರತ್ತೇ ಇಲ್ಲದೆ ಹೋಗಿದ್ದರೆ ಎಷ್ಟು ಉಳಿಯುತ್ತಿದ್ದುವೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಮನಸ್ಸು ಹೇಗೆ ಬರುತ್ತದೆಂಬುದಕ್ಕೆ ಅದೇ ದೇಶದಲ್ಲಿ ಇನ್ನೊಂದು ನಿದರ್ಶನವುಂಟು. ಜೂಲಿಯಸ್ ರೋಸೆನ್‌ವಾಲ್ಡ್ ಎಂಬ ವರ್ತಕಪ್ರಮುಖರು, ದಾಸ್ಯದಲ್ಲಿ ಹುಟ್ಟಿ ವಿದ್ಯಾಚಾರ್ಯರಾಗಿ ಬೆಳೆದ ಬೂಕರ್ ವಾಷಿಂಗ್ಟನ್‌ರವರ ಸಲಹೆಯಂತೆ, 1912ರಿಂದ ಮೊದಲುಗೊಂಡು ದಕ್ಷಿಣ ಪ್ರಾಂತಗಳ ಕಪ್ಪು ಜನರ ಮಕ್ಕಳಿಗೆ ಹಳ್ಳಿಯ ಶಾಲೆಗಳನ್ನು ಕಟ್ಟಿಸುವುದಕ್ಕೆ ಸಹಾಯಮಾಡಿದರು. 1932ರ ವೇಳೆಗೆ 15 ಸಂಸ್ಥಾನಗಳಲ್ಲಿ ಒಟ್ಟು 5357 ಕಟ್ಟಡಗಳಾದುವು. ಒಟ್ಟು ವೆಚ್ಚ 2 ಕೋಟಿ 84 ಲಕ್ಷ ಡಾಲರು. ಅದರಲ್ಲಿ ಸರ್ಕಾರದ ತೆರಿಗೆಯ ಹಣವೇ ಹೆಚ್ಚಿನ ಪಾಲು. ರೋಸೆನ್‌ವಾಲ್ಡರ ನಿಧಿಯಿಂದ ಬಂದುದು ಸುಮಾರು 44 ಲಕ್ಷ. ಕೂಲಿನಾಲಿ ಮಾಡಿ ಜೀವಿಸುತ್ತಿದ್ದ ಆ ಬಡಜನರು ತಾವೇ ಕೂಡಿಸಿ ಕೊಟ್ಟುದು 47 ಲಕ್ಷಕ್ಕೆ ಮಿಕ್ಕಿತ್ತು! ಕೋಟ್ಯಧೀಶ್ವರರ ದಾನವನ್ನು ಹೊಲಗೆಲಸದವರ ವಂತಿಗೆ ಮೀರಿಸಿತು. ಹಣವಿಲ್ಲದವರು ಭೂಮಿ ಕೊಟ್ಟರು, ಮರಮುಟ್ಟು ಕೊಟ್ಟರು, ಮೈಬೆವರು ಕೊಟ್ಟರು. ತನ್ನ ನಿಧಿಯು ಶಾಶ್ವತವಾಗಿ ಉಳಿದು ಮುಂದಿನವರ ಕೈಯನ್ನು ಕಟ್ಟಬಾರದೆಂದು ಬಗೆದ ರೋಸೆನ್‌ವಾಲ್ಡರು, ತಮ್ಮ ಮರಣಾನಂತರ ಗೊತ್ತಾದ ಅವಧಿಯೊಳಗೆ ಅದನ್ನು ಪೂರ್ಣವಾಗಿ ವೆಚ್ಚಮಾಡತಕ್ಕದ್ದೆಂದು ವಿಧಿಸಿದ್ದರು. ಅದರಂತೆ 1948ರಲ್ಲಿ ನಿಧಿ ಮುಗಿಯಿತು. ವರ್ಣಭೇದದ ಶಾಲಾಪದ್ಧತಿಯನ್ನು 1954ರಲ್ಲಿ ಆ ದೇಶದ ಶ್ರೇಷ್ಠ ನ್ಯಾಯಾಲಯವು ತಳ್ಳಿಹಾಕಿದ ಮೇಲೆ ಆ ಶಾಲೆಗಳು ಒಂದೊಂದಾಗಿ ಬರಿದಾದುವು, ಹೆಚ್ಚಿನವು ಬಿದ್ದುಹೋದುವು. ಉಳಿದವುಗಳಲ್ಲಿ ಹಲವನ್ನು ಈಗ ಜೀರ್ಣೋದ್ಧಾರ ಮಾಡುತ್ತಿರುವವರು, ಅಲ್ಲಿ ಓದಿದ ಮುದುಕರೂ ಅವರ ಮಕ್ಕಳೂ. ಅಜ್ಜನು ಹೊತ್ತ ಇಟ್ಟಿಗೆಯನ್ನು ಮೊಮ್ಮಗನು ಬೀಳಗೊಡುವುದಿಲ್ಲ ಎಂಬುದೇ ಇದರ ಸಾರ.

ಪರದೇಶದ ದೃಷ್ಟಾಂತಗಳನ್ನು ಹೇಳಿದುದು, ಈ ವಿವೇಕ ನಮಗೆ ಹೊಸತೆಂಬ ಭಾವನೆಯಿಂದಲ್ಲ. ನಮ್ಮ ಪೂರ್ವಿಕರ ಶಾಸನಗಳನ್ನು ಓದಿದವರಿಗೆ “ಖಂಡಸ್ಫುಟಿತ ಜೀರ್ಣೋದ್ಧಾರ” ಎಂಬ ಮಾತು ಚಿರಪರಿಚಿತವಾಗಿದೆ. ಒಡೆದುದನ್ನೂ ಬಿರಿದುದನ್ನೂ ಸರಿಪಡಿಸುವುದು ಎಂದು ಅದರ ಅರ್ಥ. ಚಾಳುಕ್ಯ ಹೊಯ್ಸಳರ ಕಾಲದಲ್ಲಿ ದೇವಾಲಯಕ್ಕಾಗಲಿ ಬಸದಿಗಾಗಲಿ ಮಠಕ್ಕಾಗಲಿ ದತ್ತಿ ಬಿಟ್ಟವರು ಪೂಜೆಗೆಂದೂ, ಆಹಾರದಾನಕ್ಕೆಂದೂ, ವಿದ್ಯಾದಾನಕ್ಕೆಂದೂ ಭೂಮಿಯನ್ನು ಕೊಡುವಾಗ ಅವುಗಳ ಜೊತೆಯಲ್ಲಿಯೇ ಈ ಬಾಬನ್ನೂ ಶಾಸನದಲ್ಲಿ ಬರೆಯಿಸುತ್ತಿದ್ದರು. ಕಟ್ಟಿದ ಕಲ್ಲು ಒಂದು ದಿನ ಬಿರಿಯುವುದೆಂಬುದು ಅವರಿಗೆ ಪ್ರತಿಷ್ಠಾಪನೆಯ ದಿನವೇ ನೆನಪಿತ್ತು. ಕೆರೆಯನ್ನು ಕಟ್ಟಿಸಿದವರು ಹೂಳನ್ನೆತ್ತಿ ಏರಿಗೆ ಮಣ್ಣು ಹಾಕುವ ಬಂಡಿಗೂ, ಬಂಡಿ ಹೂಡುವವನ ಜೀವನಕ್ಕೂ ಮಾನ್ಯ ಬಿಡುತ್ತಿದ್ದರು.

ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳನು 1159ರಲ್ಲಿ ಶ್ರವಣಬೆಳಗೊಳದಲ್ಲಿ ಭಂಡಾರಿ ಬಸದಿಯನ್ನು ಕಟ್ಟಿಸಿದಾಗ, ದೊರೆಯು ಸವಣೇರು ಎಂಬ ಗ್ರಾಮವನ್ನು ಅದಕ್ಕೆ ದತ್ತಿಯಾಗಿ ಕೊಟ್ಟನು. ಕಟ್ಟಡ ಒಬ್ಬರದು, ಅದನ್ನು ನಡೆಯಿಸುವ ಆದಾಯ ಇನ್ನೊಬ್ಬರದು, ಎರಡೂ ಕೂಡಿಯೇ ಧರ್ಮ. ಅದಕ್ಕೂ ಹಿಂದೆ ವಿಷ್ಣುವರ್ಧನನ ದಂಡನಾಯಕನಾದ ಗಂಗರಾಜನು ಗಂಗವಾಡಿಯಲ್ಲಿ ಹಾಳಾಗಿದ್ದ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದನೆಂದು ಶಾಸನಗಳು ಅವನನ್ನು ಕೊಂಡಾಡುತ್ತವೆ. ಯುದ್ಧದಲ್ಲಿ ಗೆದ್ದ ವೀರನಿಗೆ ಹಳೆಯ ಗೋಡೆಗಳನ್ನು ರಿಪೇರಿ ಮಾಡಿಸಿದುದೂ ಬಿರುದಿಗೆ ಯೋಗ್ಯವಾದ ಕಾರ್ಯವೆನಿಸಿತ್ತು. ತಾನು ಹೊಸದಾಗಿ ಕೊಡುವುದಕ್ಕಿಂತ ಪರರು ಕೊಟ್ಟುದನ್ನು ಪಾಲಿಸುವುದು ಹೆಚ್ಚಿನ ಪುಣ್ಯವೆಂಬ ಅಭಿಪ್ರಾಯವನ್ನು ಶಾಸನಗಳ ಕೊನೆಯಲ್ಲಿ ಪದೇಪದೇ ಕಾಣುತ್ತೇವೆ. ಇಂದು ನಮ್ಮಲ್ಲಿ ಯಾವ ದಾನಿಗಳ ಫಲಕದಲ್ಲಿಯಾದರೂ “ಈ ತಾರಸಿಯ ಬಿರುಕನ್ನು ಮುಚ್ಚಿಸಿದವರು” ಎಂಬ ಬರಹವನ್ನು ವಾಚಕರು ಕಂಡಿರುವರೆ?

ಹೊಸಕಾಲದಲ್ಲಿಯೂ ಈ ವಿವೇಕ ನಮ್ಮನ್ನು ಪೂರ್ತಿಯಾಗಿ ಬಿಟ್ಟುಹೋಗಿರಲಿಲ್ಲ. ಜಮ್‌ಶೇಟ್‌ಜಿ ತಾತಾರವರು ತಮ್ಮ ಆಸ್ತಿಯನ್ನು ಮುಡಿಪಾಗಿಟ್ಟು ಸಂಕಲ್ಪಿಸಿದ ವಿಜ್ಞಾನಮಂದಿರಕ್ಕೆ ಬೆಂಗಳೂರಿನಲ್ಲಿ ಮೈಸೂರು ಸರ್ಕಾರದವರು 1907ರಲ್ಲಿ 371 ಎಕರೆ ಭೂಮಿಯನ್ನು ಕೊಟ್ಟರು. ಕಟ್ಟಡಗಳಿಗೆಂದು 5 ಲಕ್ಷ ರೂಪಾಯಿಗಳನ್ನು ಕೊಟ್ಟುದಲ್ಲದೆ ವರ್ಷಕ್ಕೆ 50,000 ರೂಪಾಯಿಗಳ ಸಹಾಯಧನವನ್ನೂ ಗೊತ್ತುಮಾಡಿದರು. ಭೂಮಿ, ಕಟ್ಟೋಣ, ವಾರ್ಷಿಕ ನಿರ್ವಹಣೆ ಈ ಮೂರೂ ಮೊದಲೇ ಇತ್ಯರ್ಥವಾದುದರಿಂದ 1909ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ಇಂದಿಗೂ ಲೋಕಮಾನ್ಯವಾಗಿ ಬೆಳೆಯುತ್ತಿದೆ. ಮಹಾಸಂಸ್ಥೆಗೆ ಅನ್ವಯಿಸುವ ನ್ಯಾಯ ಒಂದು ತಾಲ್ಲೂಕಿನ ವಾಚನಾಲಯಕ್ಕೂ ಅನ್ವಯಿಸುತ್ತದೆ.

ಇನ್ನು ಪ್ರಕೃತ ಸ್ಥಿತಿಯನ್ನು ನೋಡೋಣ. ಹಣದ ಮೂಲಗಳು ಈಗ ಹಿಂದಿಗಿಂತ ಹೆಚ್ಚಾಗಿವೆ. 2013ರ ಕಂಪೆನಿಗಳ ಶಾಸನದ 135ನೆಯ ಪ್ರಕರಣದಂತೆ ಗೊತ್ತಾದ ಮಿತಿಯನ್ನು ಮೀರಿದ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕಾರ್ಯಗಳಿಗೆ ವಿನಿಯೋಗಿಸತಕ್ಕದ್ದು. ಕೇಂದ್ರ ಸರ್ಕಾರದ ಸಂಸ್ಕೃತಿ ಇಲಾಖೆಯವರು ಸಂಘಸಂಸ್ಥೆಗಳ ಸಾಂಸ್ಕೃತಿಕ ಭವನಗಳಿಗೆ, ಮಹಾನಗರಗಳಲ್ಲಿ 50 ಲಕ್ಷ ರೂಪಾಯಿಗಳವರೆಗೂ ಇತರ ಊರುಗಳಲ್ಲಿ 25 ಲಕ್ಷದವರೆಗೂ ಸಹಾಯಧನ ಕೊಡುವ ಯೋಜನೆಯೊಂದನ್ನು ಮಾಡಿದ್ದಾರೆ. ಲೈಬ್ರರಿಗಳ ಉತ್ತೇಜನಕ್ಕೆಂದು 1972ರಲ್ಲಿ ಸ್ಥಾಪಿತವಾದ ರಾಜಾ ರಾಮಮೋಹನ ರಾಯ್ ಲೈಬ್ರರಿ ಪ್ರತಿಷ್ಠಾನವುಂಟು. ನಮ್ಮ ರಾಜ್ಯದಲ್ಲಿಯೇ 1965ರ ಸಾರ್ವಜನಿಕ ಗ್ರಂಥಾಲಯಗಳ ಶಾಸನದಂತೆ ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆಯ ಗ್ರಂಥಾಲಯ ಕರ ವಸೂಲಾಗುತ್ತದೆ. ಕಾರ್ನೆಗಿಯವರು ಊರುಗಳಿಂದ ಬೇಡಿ ಪಡೆದ ವಾರ್ಷಿಕ ವಾಗ್ದಾನವನ್ನು ನಾವು ಶಾಸನವನ್ನಾಗಿಯೇ ಮಾಡಿದ್ದೇವೆ. ಆದರೆ ವಸೂಲಾದ ಕರವು ಸ್ಥಳೀಯ ಸಂಸ್ಥೆಗಳಿಂದ ಲೈಬ್ರರಿಗಳಿಗೆ ಸಕಾಲಕ್ಕೆ ತಲುಪುವುದಿಲ್ಲವೆಂಬ ದೂರು ವರ್ಷವರ್ಷವೂ ಕೇಳಿಬರುತ್ತಿದೆ. ಜನರು ಪುಸ್ತಕಕ್ಕೆಂದು ಕೊಟ್ಟ ಕಾಸು ಬೇರೆ ದಾರಿ ಹಿಡಿದರೆ ಅದು ದತ್ತಾಪಹಾರವಲ್ಲದೆ ಮತ್ತೇನು?

ಸರ್ಕಾರದ ಹಣಕ್ಕೆ ನಿಯಮಗಳೂ ಕಡಮೆಯಿಲ್ಲ. 2017ರ ಸಾಮಾನ್ಯ ಹಣಕಾಸು ನಿಯಮಗಳಂತೆ ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗಾಗಿ ವಿನಿಯೋಗ ಪ್ರಮಾಣಪತ್ರವನ್ನು ಒಪ್ಪಿಸಬೇಕು. ಸಹಾಯಧನದಿಂದ ಆದ ಆಸ್ತಿಯನ್ನು ಸರ್ಕಾರದ ಅನುಮತಿಯಿಲ್ಲದೆ ಪರಾಧೀನ ಮಾಡಕೂಡದು. ಇವೆಲ್ಲ ಅವಶ್ಯಕವಾದುವೇ. ಹಣ ಎಲ್ಲಿ ಹೋಯಿತೆಂದು ಕೇಳುವುದು ನ್ಯಾಯ. ಆದರೆ ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸಿದ ದಿನವೇ ಕಟ್ಟಡದ ಕಥೆ ಮುಗಿಯಿತೆಂದು ಭಾವಿಸುವುದು ನ್ಯಾಯವಲ್ಲ. ನಾವು ಮೇಲೆ ಹೇಳಿದ ವಾಚನಾಲಯದ ಪ್ರಮಾಣಪತ್ರವೂ ಲೋಪವಿಲ್ಲದೆ ಸಲ್ಲಿಕೆಯಾಗಿತ್ತು!

ದುರಸ್ತಿಗಿಂತ ಹೊಸತನ್ನು ಕಟ್ಟುವುದೇ ಸುಲಭವೆಂದು ಹೇಳುವವರೂ ಇದ್ದಾರೆ. ಹಳೆಯ ಗಾರೆಯ ಕೆಲಸ ಬಲ್ಲವರು ಕಡಮೆಯಾಗಿರುವುದು ನಿಜ. ತಿಳಿಯದವರ ಕೈಗೆ ಕೊಟ್ಟರೆ ಸುಣ್ಣದ ಗಾರೆಯ ಗೋಡೆಯ ಮೇಲೆ ಸಿಮೆಂಟನ್ನು ಬಳಿಯುತ್ತಾರೆ. ಸುಣ್ಣದ ಗೋಡೆ ತನ್ನೊಳಗಿನ ತೇವವನ್ನು ಹೊರಕ್ಕೆ ಬಿಡುತ್ತಿರುತ್ತದೆ. ಸಿಮೆಂಟಿನ ಹೊದಿಕೆ ಅದನ್ನು ತಡೆದು ಒಳಗೇ ಕೂಡಿಹಾಕುವುದರಿಂದ ಕೆಲವು ವರ್ಷಗಳಲ್ಲಿ ಗಾರೆ ಉದುರಿ ಗೋಡೆ ಮೊದಲಿಗಿಂತ ಕೆಡುತ್ತದೆ. ಆಗ ಜನರು ಹಳೆಯ ಕಟ್ಟಡದ ಗುಣವೇ ಇಷ್ಟೆಂದು ದೂರಿ ಅದನ್ನು ಕೆಡವುತ್ತಾರೆ. ಆದುದರಿಂದ ಜೀರ್ಣೋದ್ಧಾರಕ್ಕೆ ಹಣ ಕೊಡುವವರು, ಮೊದಲು ಅನುಭವಸ್ಥರಿಂದ ಕಟ್ಟಡದ ಪರೀಕ್ಷೆ ಮಾಡಿಸುವುದಕ್ಕೂ ಸ್ವಲ್ಪ ಹಣವನ್ನು ಕೊಡಬೇಕು. ವೈದ್ಯನು ನಾಡಿ ನೋಡದೆ ಔಷಧ ಕೊಡುವುದುಂಟೆ?

ದಾನಿಗಳಿಗೂ ಸರ್ಕಾರದ ಅಧಿಕಾರಿಗಳಿಗೂ ನಾವು ವಿನಯಪೂರ್ವಕವಾಗಿ ಸೂಚಿಸುವುದು ಮೂರು ಅಂಶಗಳನ್ನು. ಮೊದಲನೆಯದು, ಹಳೆಯ ಕಟ್ಟಡವಿರುವೆಡೆ ಅದನ್ನು ಉಳಿಸುವ ವೆಚ್ಚದ ಅಂದಾಜುಪಟ್ಟಿಯನ್ನು ನೋಡದೆ ಹೊಸದಕ್ಕೆ ಮಂಜೂರು ಮಾಡಬಾರದು. ಎರಡನೆಯದು, ಮಂಜೂರಾದ ಹಣದಲ್ಲಿ ಒಂದು ಭಾಗವನ್ನು ಮರಾಮತ್ತಿನ ನಿಧಿಯೆಂದು ಪ್ರತ್ಯೇಕವಾಗಿ ಬ್ಯಾಂಕಿನಲ್ಲಿರಿಸಿ, ಅದರ ಬಡ್ಡಿ ಮಾತ್ರ ವೆಚ್ಚವಾಗುವಂತೆ ಷರತ್ತು ಮಾಡಬೇಕು. ಮೂರನೆಯದು, ಐದು ವರ್ಷಕ್ಕೊಮ್ಮೆ ಒಬ್ಬರು ಹೋಗಿ ಕಟ್ಟಡವನ್ನು ಕಣ್ಣಾರೆ ನೋಡಿ ಬರಬೇಕು. ಇದಕ್ಕೆ ತಗಲುವ ವೆಚ್ಚ ಪ್ರಾರಂಭೋತ್ಸವದ ಶಾಮಿಯಾನದ ಬಾಡಿಗೆಗಿಂತ ಹೆಚ್ಚಾಗಲಾರದು.

ಅರ್ಜಿ ಹಾಕುವ ಸಂಘದವರಿಗೂ ಹೇಳತಕ್ಕ ಮಾತುಂಟು. ನಿವೇಶನದ ಹಕ್ಕುಪತ್ರ ಸಂಘದ ಹೆಸರಿನಲ್ಲಿ ನಿರ್ವಿವಾದವಾಗಿ ಇಲ್ಲದೆ ಒಂದು ಇಟ್ಟಿಗೆಯನ್ನೂ ತರಬೇಡಿ. ಅಂದಾಜುಪಟ್ಟಿಯಲ್ಲಿ ಗೋಡೆ ಸೂರುಗಳನ್ನಷ್ಟೇ ಬರೆದು ನೀರು, ಪಾಯಖಾನೆ, ದೀಪ, ಪೀಠೋಪಕರಣ, ಅಂಗವಿಕಲರು ಹತ್ತಿಬರುವ ಇಳಿಜಾರು ದಾರಿ ಇವುಗಳನ್ನು ಮರೆಯಬೇಡಿ. ಮರೆತರೆ ಕೊನೆಗೆ ಹಣ ಸಾಲದೆ ಕಟ್ಟಡ ಅರ್ಧಕ್ಕೆ ನಿಲ್ಲುತ್ತದೆ. ಜಮಾಖರ್ಚಿನ ಪಟ್ಟಿಯನ್ನು ಪ್ರತಿವರ್ಷವೂ ಬಾಗಿಲ ಪಕ್ಕದಲ್ಲಿಯೇ ಎಲ್ಲರಿಗೂ ಕಾಣುವಂತೆ ಅಂಟಿಸಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಹೊರಗಿನವರ ಮುಂದೆ ಕೈಯೊಡ್ಡುವುದಕ್ಕೆ ಮುಂಚೆ ಊರಿನೊಳಗೆ ಕೈಯೊಡ್ಡಿರಿ.

ಹೀಗೆ ಷರತ್ತುಗಳನ್ನು ಬೆಳೆಸಿದರೆ ಬಡ ಊರುಗಳಿಗೆ ಏನೂ ದೊರೆಯಲಾರದೆಂಬ ಆಕ್ಷೇಪಣೆ ಬರಬಹುದು. ಆಕ್ಷೇಪಣೆ ಲಘುವಾದುದಲ್ಲ. ಆದರೆ ಲೆಕ್ಕ ಹಾಕಿ ನೋಡೋಣ. 25 ಲಕ್ಷ ರೂಪಾಯಿನ ಕಟ್ಟಡಕ್ಕೆ ಕಾರ್ನೆಗಿಯವರ ಪ್ರಮಾಣದಂತೆ ವರ್ಷಕ್ಕೆ ಎರಡೂವರೆ ಲಕ್ಷ ಬೇಕು. ಊರಿನ ಜನಸಂಖ್ಯೆ ಹತ್ತು ಸಾವಿರವಾದರೆ ತಲೆಗೆ ವರ್ಷಕ್ಕೆ 25 ರೂಪಾಯಿ, ತಿಂಗಳಿಗೆ ಎರಡು ರೂಪಾಯಿ ಚಿಲ್ಲರೆ. ಒಂದು ಲೋಟ ಕಾಫಿಯ ಬೆಲೆಯೂ ಅಲ್ಲ. ಅದನ್ನೂ ಕೊಡಲಾರದವರು ರೋಸೆನ್‌ವಾಲ್ಡ್ ಶಾಲೆಗಳ ಬಡಜನರಂತೆ ದುಡಿಮೆಯನ್ನು ಕೊಡಬಹುದು. ಮಳೆಗಾಲಕ್ಕೆ ಮುಂಚೆ ತಾರಸಿಯ ಕಸವನ್ನು ಗುಡಿಸಿ ನೀರು ಹೋಗುವ ದೋಣಿಯನ್ನು ಬಿಡಿಸುವುದಕ್ಕೆ ಲಕ್ಷಾಂತರ ರೂಪಾಯಿ ಬೇಡ, ಒಂದು ಪೊರಕೆಯೂ ಒಂದು ಬೆಳಗಿನ ಹೊತ್ತೂ ಸಾಕು. ನಮ್ಮ ವಾಚನಾಲಯದ ತಾರಸಿ ಸೋರಿದುದಕ್ಕೆ ಮೂಲ ಆ ದೋಣಿಯಲ್ಲಿ ಬೆಳೆದಿದ್ದ ಒಂದು ಅರಳಿಯ ಸಸಿ. ಅದು ಮೊಳೆತ ದಿನ ಅದನ್ನು ಬೆರಳಿನಿಂದ ಕೀಳಬಹುದಾಗಿತ್ತು.

ಆ ಊರಿನ ತರುಣರು ಕೆಲವರು ಮೊನ್ನೆ ನಮ್ಮ ಕಾರ್ಯಾಲಯಕ್ಕೆ ಬಂದಿದ್ದರು. ವಾಚನಾಲಯವನ್ನು ಮತ್ತೆ ತೆರೆಯಬೇಕೆಂದು ಅವರಿಗೆ ಉತ್ಸಾಹ. ಹೊಸ ಕಟ್ಟಡಕ್ಕೆ ಅರ್ಜಿ ಬರೆದುಕೊಡಬೇಕೆಂದು ಕೇಳಿದರು. ಅರ್ಜಿಯನ್ನು ನಾವು ಅವಶ್ಯವಾಗಿ ಬರೆದುಕೊಡುತ್ತೇವೆ, ಆದರೆ ದುರಸ್ತಿಗೆ ಮಾತ್ರ, ಮತ್ತು ನೂರು ಮನೆಗಳವರು ತಿಂಗಳ ವಂತಿಗೆಗೆ ಸಹಿ ಹಾಕಿದ ಪಟ್ಟಿಯನ್ನು ತಂದ ಮೇಲೆ, ಎಂದು ಹೇಳಿದೆವು. ಮುಖ ಸಣ್ಣದು ಮಾಡಿಕೊಂಡು ಹೋದರು. ಈ ಲೇಖನವನ್ನು ಅಚ್ಚಿಗೆ ಕಳುಹಿಸುವ ವೇಳೆಗೆ ನಲವತ್ತಮೂರು ಸಹಿಗಳಾಗಿವೆಯೆಂದು ಸಮಾಚಾರ ಬಂದಿದೆ. ಮೊದಲನೆಯ ಸಹಿ, ಪುಸ್ತಕಗಳನ್ನು ಇಷ್ಟು ಕಾಲ ಅಟ್ಟದ ಮೇಲೆ ಕಾಪಾಡಿಕೊಂಡು ಬಂದ ಆ ಹಳೆಯ ಸದಸ್ಯರದು. ಉಳಿದ ಐವತ್ತೇಳೂ ಬರುವುವೆಂದು ನಮಗೆ ನಂಬಿಕೆಯಿದೆ. ಬಂದ ದಿನ ಅರ್ಜಿಯನ್ನು ಬರೆಯುವುದಕ್ಕೆ ನಮ್ಮ ಲೇಖನಿ ಸಿದ್ಧವಾಗಿದೆ.